ಟ್ರೇಲರಿನ ಕೆಂಪು ದೀಪವೂ ವಿದ್ಯುತ್ತಿನ ಮರುದಾರಿಯೂ

ರಾತ್ರಿಯ ಹೆದ್ದಾರಿಯಲ್ಲಿ ಮುಂದೆ ಸಾಗುವ ವಾಹನವು ಹಿಂದೆ ಬರುವವನೊಡನೆ ಆಡಬಲ್ಲ ಮಾತುಗಳು ಬಹಳ ಕಡಿಮೆ. ‘ನಾನು ಇಲ್ಲಿದ್ದೇನೆ’ ಎಂಬುದು ಒಂದು. ‘ಈ ಕಡೆಗೆ ತಿರುಗುತ್ತೇನೆ’ ಎಂಬುದು ಇನ್ನೊಂದು. ‘ನಿಲ್ಲುತ್ತಿದ್ದೇನೆ, ಎಚ್ಚರ’ ಎಂಬುದು ಮೂರನೆಯದು. ಮೊದಲನೆಯದನ್ನು ಹಿಂಬದಿಯ ಮಂದವಾದ ಕೆಂಪು ದೀಪವೂ, ಎರಡನೆಯದನ್ನು ಮಿಣುಕುವ ಹಳದಿ ದೀಪವೂ, ಮೂರನೆಯದನ್ನು ಚಾಲಕನು ಬ್ರೇಕನ್ನು ತುಳಿದೊಡನೆ ಪ್ರಖರವಾಗಿ ಹೊತ್ತಿಕೊಳ್ಳುವ ಕೆಂಪು ದೀಪವೂ ಹೇಳುತ್ತವೆ. ಇವುಗಳಲ್ಲಿ ಅತ್ಯಂತ ತುರ್ತಿನದು ಮೂರನೆಯ ಮಾತು. ಟ್ರಾಕ್ಟರಿಗೋ ಲಾರಿಗೋ ಕೊಂಡಿ ಹಾಕಿ ಎಳೆಯಿಸುವ ಟ್ರೇಲರುಗಳಲ್ಲಿ, ಕೆಟ್ಟು ಎಷ್ಟೋ ದಿನವಾದರೂ ಚಾಲಕನ ಕಣ್ಣಿಗೆ ಬೀಳದೆ ಉಳಿಯುವುದೂ ಅದೇ. ಏಕೆಂದರೆ ಅದು ಬೆಳಗುವುದು ಅವನ ಬೆನ್ನ ಹಿಂದೆ, ಅವನ ಕಾಲು ಬ್ರೇಕಿನ ಮೇಲಿರುವಷ್ಟು ಹೊತ್ತು ಮಾತ್ರ. ಅದು ಏಕೆ ಕೆಡುತ್ತದೆ, ದೋಷವಿರುವ ಜಾಗವನ್ನು ಹೇಗೆ ಹುಡುಕಬೇಕು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಈ ಶಾಲೆಯನ್ನು ಬಿಟ್ಟ ಮೇಲೆ ಉದ್ಯೋಗವು ನಮ್ಮನ್ನು ಗುಜರಾತಿನ ಅಹಮದಾಬಾದಿಗೆ ಕೊಂಡೊಯ್ದಿತು. ನಾವು ವಾಸವಾಗಿರುವುದು ಆ ನಗರದ ಪಶ್ಚಿಮಕ್ಕಿರುವ ಬೋಡಕ್‌ದೇವ್ ಎಂಬ ಬಡಾವಣೆಯಲ್ಲಿ. ಒಂದು ಕಾಲಕ್ಕೆ ಹಳ್ಳಿಯಾಗಿದ್ದ ಈ ಸ್ಥಳದಲ್ಲಿ ಈಗ ಮುಗಿಲೆತ್ತರದ ಮನೆಗಳೂ ಕಚೇರಿಗಳೂ ತುಂಬಿವೆ. ಇದರ ಮಗ್ಗುಲಿಗೇ ಸರಖೇಜಿನಿಂದ ಗಾಂಧಿನಗರಕ್ಕೆ ಹೋಗುವ ಹೆದ್ದಾರಿ ಹಾದಿದೆ. ಇಲ್ಲಿನ ಜನರು ಅದನ್ನು ‘ಎಸ್.ಜಿ. ಹೈವೇ’ ಎಂದು ಕರೆಯುತ್ತಾರೆ. ಸರಖೇಜಿನ ಕಡೆಯಿಂದ ಸೌರಾಷ್ಟ್ರಕ್ಕೂ ಕಚ್ಛಕ್ಕೂ ದಾರಿಗಳು ಹೊರಡುತ್ತವೆ. ಮುಂದ್ರಾ, ಕಾಂಡ್ಲಾ ಬಂದರುಗಳಿಂದ ಬರುವ ಉದ್ದುದ್ದನೆಯ ಟ್ರೇಲರುಗಳು ಹೆಚ್ಚಾಗಿ ನಗರವನ್ನು ಸುತ್ತುವ ವರ್ತುಲರಸ್ತೆಯನ್ನೇ ಹಿಡಿಯುತ್ತವೆಯಾದರೂ, ಕಟ್ಟಡದ ಕೆಲಸಗಳಿಗೆ ಇಟ್ಟಿಗೆ, ಮರಳು, ನೀರು ಹೊತ್ತು ತರುವ ಟ್ರಾಕ್ಟರುಗಳು ನಮ್ಮ ಮನೆಯ ಮುಂದಿನ ರಸ್ತೆಯಲ್ಲೇ ಓಡಾಡುತ್ತವೆ. ಅವನ್ನು ನೋಡಿದಾಗಲೆಲ್ಲ ನಮಗೆ ಮಂಡ್ಯ, ಬೆಳಗಾವಿ, ಬಾಗಲಕೋಟೆಗಳ ಕಡೆ ಕಬ್ಬು ಅರೆಯುವ ಕಾಲದಲ್ಲಿ ಒಂದೇ ಟ್ರಾಕ್ಟರಿನ ಹಿಂದೆ ಎರಡು ಟ್ರೇಲರುಗಳು ಹೊರಲಾರದಷ್ಟು ಹೊರೆ ಹೊತ್ತು ಕಾರ್ಖಾನೆಯ ಹಾದಿ ಹಿಡಿಯುವ ದೃಶ್ಯ ನೆನಪಾಗುವುದು. ಊರು ಬೇರೆಯಾದರೂ ಹಿಂಬದಿಯ ಕತ್ತಲೆ ಒಂದೇ.

ಇದು ಬರಿಯ ಯಂತ್ರಕುತೂಹಲದ ವಿಷಯವಲ್ಲ. 2022ನೆಯ ಇಸವಿಯಲ್ಲಿ ಭಾರತದ ರಸ್ತೆಗಳಲ್ಲಿ 4,61,312 ಅಪಘಾತಗಳು ನಡೆದು 1,68,491 ಮಂದಿ ಪ್ರಾಣ ಕಳೆದುಕೊಂಡರೆಂದು ಕೇಂದ್ರ ಸರಕಾರದ ವರದಿಯಲ್ಲಿದೆ. ಆ ಅಪಘಾತಗಳಲ್ಲಿ ಐದಕ್ಕೆ ಒಂದಕ್ಕಿಂತ ತುಸು ಹೆಚ್ಚು ಪಾಲು, ಹಿಂದಿನ ವಾಹನವು ಮುಂದಿನದಕ್ಕೆ ಬಂದು ಬಡಿದದ್ದರಿಂದ ಆದವು. ನಮ್ಮ ಬಡಾವಣೆಗೆ ಸಮೀಪದ ಇಸ್ಕಾನ್ ಮೇಲ್ಸೇತುವೆಯ ಮೇಲೆ 2023ರ ಜುಲೈ 20ರಂದು ಮಧ್ಯರಾತ್ರಿ ಕಳೆದ ಮೇಲೆ ನಡೆದ ದುರಂತವನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಮೊದಲು ಒಂದು ವಾಹನವು ಲಾರಿಯ ಹಿಂಬದಿಗೆ ಬಡಿಯಿತು. ಅದನ್ನು ನೋಡಲೆಂದು, ನೆರವಾಗಲೆಂದು ನೆರೆದಿದ್ದವರ ಮೇಲೆ ಕೆಲವು ನಿಮಿಷಗಳಲ್ಲಿ ಮತ್ತೊಂದು ಕಾರು ಅತಿವೇಗದಿಂದ ನುಗ್ಗಿ ಒಂಬತ್ತು ಮಂದಿಯನ್ನು ಬಲಿ ತೆಗೆದುಕೊಂಡಿತು. ಅಲ್ಲಿ ದೋಷವಿದ್ದದ್ದು ವೇಗದಲ್ಲಿ. ಬ್ರೇಕ್ ದೀಪದ ವಿಚಾರಕ್ಕೂ ಅದಕ್ಕೂ ಸಂಬಂಧ ಕಲ್ಪಿಸುವ ಇಚ್ಛೆ ನಮಗಿಲ್ಲ. ಹಿಂದಿನವನಿಗೆ ದೊರೆಯುವ ಒಂದೆರಡು ಕ್ಷಣಗಳ ಬೆಲೆ ಎಷ್ಟೆಂಬುದನ್ನು ಆ ರಾತ್ರಿಯ ತರುವಾಯ ಈ ಭಾಗದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ ಎಂಬಷ್ಟಕ್ಕೆ ಅದನ್ನು ನೆನೆದೆವು.

ಆ ಕ್ಷಣಗಳ ಲೆಕ್ಕವನ್ನು ಮಾಡಿ ನೋಡೋಣ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುವ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರು ಸಾಗುತ್ತದೆ. ಮುಂದಿನ ದೀಪ ಹೊತ್ತಿದ್ದನ್ನು ಕಂಡು, ಅದರ ಅರ್ಥ ತಿಳಿದು, ಕಾಲನ್ನು ಬ್ರೇಕಿನ ಮೇಲೆ ಇಡಲು ಸಾಮಾನ್ಯ ಚಾಲಕನಿಗೆ ಒಂದೂವರೆ ಸೆಕೆಂಡು ಹಿಡಿಯುವುದೆಂದು ಇಟ್ಟುಕೊಂಡರೆ, ಬ್ರೇಕು ಹಿಡಿಯುವ ಮೊದಲೇ 25 ಮೀಟರು ಕಳೆದುಹೋಗಿರುತ್ತದೆ. ದೀಪವೇ ಹೊತ್ತದಿದ್ದರೆ, ಮುಂದಿನ ವಾಹನ ನಿಧಾನವಾಗುತ್ತಿದೆಯೆಂಬುದನ್ನು ಅದರ ಆಕಾರ ದೊಡ್ಡದಾಗುತ್ತ ಬಂದದ್ದರಿಂದಲೇ ಊಹಿಸಬೇಕು. ಕತ್ತಲೆಯಲ್ಲಿ ಕಬ್ಬಿನ ಜಲ್ಲೆಗಳೋ ಕಬ್ಬಿಣದ ಸರಳುಗಳೋ ಹಿಂದಕ್ಕೆ ಚಾಚಿರುವ ಟ್ರೇಲರಿನ ಆಕಾರವನ್ನು ಊಹಿಸುವುದು ಎಷ್ಟು ಕಷ್ಟವೆಂದು ಹೇಳಬೇಕೆ? ಭಾರತದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹಿಂಬದಿಗೆ ಕೆಂಪು ನಿಲುಗಡೆ ದೀಪಗಳನ್ನು ಕಡ್ಡಾಯ ಮಾಡಿರುವುದಕ್ಕೆ ಕಾರಣ ಇದೇ.

ಇನ್ನು ಒಳಗಿನ ರಚನೆಗೆ ಬರೋಣ. ವಿದ್ಯುತ್ಪ್ರವಾಹವು ಬ್ಯಾಟರಿಯ ಒಂದು ತುದಿಯಿಂದ ಹೊರಟು, ಕೆಲಸ ಮಾಡಿ, ಇನ್ನೊಂದು ತುದಿಗೆ ಹಿಂದಿರುಗಿದರೆ ಮಾತ್ರ ಹರಿಯುವುದೆಂದು ಪ್ರೌಢಶಾಲೆಯ ಯಾವ ವಿದ್ಯಾರ್ಥಿಯೂ ಬಲ್ಲ. ಹೋಗುವ ದಾರಿಯೊಂದು, ಮರಳುವ ದಾರಿಯೊಂದು. ಎರಡೂ ಸೇರಿದರೆ ಮಂಡಲ ಪೂರ್ಣವಾಯಿತು. ಮನೆಯ ದೀಪಕ್ಕೆ ಎರಡು ತಂತಿಗಳನ್ನು ಎಳೆಯುವುದು ಇದಕ್ಕಾಗಿಯೇ. ಆದರೆ ಮೋಟಾರು ವಾಹನದಲ್ಲಿ ಸಾಮಾನ್ಯವಾಗಿ ಎಳೆಯುವುದು ಒಂದೇ ತಂತಿ. ಬ್ಯಾಟರಿಯ ಧನ ತುದಿಯಿಂದ ಹೊರಟ ಪ್ರವಾಹವು ಫ್ಯೂಸನ್ನು ದಾಟಿ, ಬ್ರೇಕಿನ ಪೆಡಲಿಗೆ ಜೋಡಿಸಿದ ಸ್ವಿಚ್ಚನ್ನು ದಾಟಿ, ತಂತಿಯ ಮೂಲಕ ಹಿಂಬದಿಯ ಬಲ್ಬನ್ನು ಸೇರುತ್ತದೆ. ಅಲ್ಲಿಂದ ಮರಳುವುದಕ್ಕೆ ಬೇರೆ ತಂತಿಯಿಲ್ಲ. ವಾಹನದ ಕಬ್ಬಿಣದ ಚಾಸಿಯೇ ಅದರ ಮರುದಾರಿ. ಬ್ಯಾಟರಿಯ ಋಣ ತುದಿಯನ್ನು ಚಾಸಿಗೆ ಬಿಗಿದಿರುತ್ತಾರಷ್ಟೆ. ಕೆಲಸಗಾರರು ಇದನ್ನು ‘ಅರ್ಥ್’ ಎನ್ನುತ್ತಾರೆ. ಭೂಮಿಗೂ ಇದಕ್ಕೂ ಏನೂ ನಂಟಿಲ್ಲ, ರಬ್ಬರ್ ಚಕ್ರಗಳ ಮೇಲೆ ನಿಂತ ವಾಹನಕ್ಕೆ ಭೂಮಿಯ ಸಂಪರ್ಕವೆಲ್ಲಿಂದ ಬರಬೇಕು? ಆದರೂ ರೂಢಿಯ ಹೆಸರನ್ನು ನಾವೂ ಬಳಸುತ್ತೇವೆ.

ಬಿಡಿ ವಾಹನದಲ್ಲಿ ಈ ಏರ್ಪಾಡು ವರ್ಷಗಟ್ಟಲೆ ಕೆಡದೆ ನಡೆಯುವುದುಂಟು. ತೊಡಕು ಹುಟ್ಟುವುದು ಟ್ರೇಲರಿನಲ್ಲಿ. ಟ್ರೇಲರಿನ ಚಾಸಿ ಟ್ರಾಕ್ಟರಿನ ಚಾಸಿಯಲ್ಲ. ಎರಡರ ನಡುವೆ ಇರುವುದು ಒಂದು ಕೊಂಡಿ, ಒಂದು ಕಬ್ಬಿಣದ ಗೂಟ, ಮತ್ತು ಏಳು ಸೂಜಿಗಳ ಒಂದು ಪ್ಲಗ್ಗು. ಸರಿಯಾದ ಕ್ರಮದಲ್ಲಿ ಆ ಪ್ಲಗ್ಗಿನ ಒಂದು ಸೂಜಿ ಮರುದಾರಿಗೆಂದೇ ಮೀಸಲಾಗಿರುತ್ತದೆ. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಅದರ ತಂತಿ ಬಿಳಿ, ಗುರುತು 31. ಬ್ರೇಕ್ ದೀಪದ ತಂತಿ ಕೆಂಪು, ಗುರುತು 54. ಈ ಅಂಕೆಗಳು ಜರ್ಮನರ ಪದ್ಧತಿಯಿಂದ ಬಂದವು. ಪ್ಲಗ್ಗಿನೊಳಗೆ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವುದನ್ನು ಬೆಳಕು ಬಿಟ್ಟು ನೋಡಿದರೆ ಓದಬಹುದು. ಆದರೆ ಊರಿನ ಕಮ್ಮಾರಸಾಲೆಗಳಲ್ಲಿ ಕಟ್ಟಿದ ಎಷ್ಟೋ ಟ್ರೇಲರುಗಳಿಗೆ ಮರುದಾರಿಯ ತಂತಿಯನ್ನೇ ಹಾಕಿರುವುದಿಲ್ಲ. ‘ಕೊಂಡಿ ಕಬ್ಬಿಣ, ಗೂಟ ಕಬ್ಬಿಣ, ಅದರಲ್ಲೇ ಹೋಗುತ್ತದೆ ಬಿಡಿ’ ಎಂಬುದು ಅಲ್ಲಿಯ ತರ್ಕ. ಹೊಸದರಲ್ಲಿ ಅದು ಹೋಗುವುದೂ ಉಂಟು. ಆಮೇಲೆ ಕೊಂಡಿಗೆ ಗ್ರೀಸು ಬಳಿಯುತ್ತಾರೆ, ಚಾಸಿಗೆ ಬಣ್ಣ ಹೊಡೆಯುತ್ತಾರೆ, ಗೂಟ ತುಕ್ಕು ಹಿಡಿಯುತ್ತದೆ. ಟ್ರೇಲರು ಎಳೆತದಲ್ಲಿರುವಾಗ ಗೂಟ ಒತ್ತಿಕೊಂಡು ದೀಪ ಹೊತ್ತುತ್ತದೆ. ಹಳ್ಳ ಇಳಿಯುವಾಗ, ಬ್ರೇಕು ತುಳಿದಾಗ ಗೂಟ ಸಡಿಲವಾಗಿ ದೀಪ ಆರುತ್ತದೆ. ಬೇಕಾದ ಗಳಿಗೆಯಲ್ಲೇ ಇಲ್ಲವಾಗುವ ದೀಪವೆಂದರೆ ಇದು.

ಪ್ಲಗ್ಗಿನ ವಿಚಾರದಲ್ಲಿ ಗುಜರಾತಿಗೆ ತನ್ನದೇ ಒಂದು ಶತ್ರುವಿದೆ, ಅದು ಉಪ್ಪು. ದೇಶದ ಉಪ್ಪಿನಲ್ಲಿ ಮುಕ್ಕಾಲಿಗೂ ಹೆಚ್ಚು ಪಾಲು ಈ ರಾಜ್ಯದ್ದು. ಕಚ್ಛದ ರಣದಿಂದಲೂ ಕರಾವಳಿಯ ಉಪ್ಪಿನ ಮಡಿಗಳಿಂದಲೂ ಅದನ್ನು ಹೊತ್ತು ತರುವ ವಾಹನಗಳ ಮೈಯೆಲ್ಲ ಉಪ್ಪಿನ ಧೂಳು. ಮಳೆಗಾಲದ ತೇವ ಬಿದ್ದೊಡನೆ ಆ ಧೂಳು ಉಪ್ಪುನೀರಾಗಿ ಪ್ಲಗ್ಗಿನ ಹಿತ್ತಾಳೆಯ ಸೂಜಿಗಳ ನಡುವೆ, ಬಲ್ಬಿನ ಹೋಲ್ಡರಿನ ತಳದಲ್ಲಿ, ಸುತ್ತಿದ ತಂತಿಗಳ ಸಂದಿಯಲ್ಲಿ ಇಳಿಯುತ್ತದೆ. ತಾಮ್ರಕ್ಕೆ ಹಸಿರು ಕಿಲುಬು, ಕಬ್ಬಿಣಕ್ಕೆ ಕೆಂಪು ತುಕ್ಕು. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ನಿಂತರೆ ಅದೇ ಒಂದು ಪುಟ್ಟ ವಿದ್ಯುತ್ಕೋಶವಾಗಿ, ಒಂದು ಲೋಹ ಇನ್ನೊಂದಕ್ಕಾಗಿ ಸವೆಯತೊಡಗುವುದು. ಮಂಗಳೂರು, ಕಾರವಾರಗಳ ಕಡೆಯ ಓದುಗರಿಗೆ ಈ ಕಷ್ಟ ಹೊಸದಲ್ಲ.

ಕಿಲುಬಿನಿಂದ ಆಗುವ ನಷ್ಟವೆಷ್ಟು? ಜರ್ಮನಿಯ ಗೇಯೋರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮವೇ ಇಲ್ಲಿ ಸಾಕು. ಬ್ರೇಕ್ ದೀಪದ ಬಲ್ಬು ಸಾಮಾನ್ಯವಾಗಿ 21 ವಾಟಿನದು. 12 ವೋಲ್ಟಿನ ಟ್ರಾಕ್ಟರಿನಲ್ಲಿ ಅದು ಒಂದೂಮುಕ್ಕಾಲು ಆಂಪಿಯರ್ ಎಳೆಯುವುದು. ಎರಡು ಬಲ್ಬುಗಳಿಗೆ ಮೂರೂವರೆ. ಉರಿಯುತ್ತಿರುವಾಗ ಬಲ್ಬೊಂದರ ರೋಧ ಸುಮಾರು 7 ಓಮ್. ಎರಡೂ ಅಕ್ಕಪಕ್ಕದಲ್ಲಿ ಸೇರಿದಾಗ ಸುಮಾರು ಮೂರೂವರೆ ಓಮ್. ಈಗ ಕಿಲುಬು ಹಿಡಿದ ಒಂದು ಸೂಜಿ ಬರಿಯ ಒಂದು ಓಮ್ ರೋಧವನ್ನು ಸೇರಿಸಿತೆನ್ನೋಣ. 12 ವೋಲ್ಟಿನಲ್ಲಿ ಬಲ್ಬುಗಳ ಪಾಲಿಗೆ ಉಳಿಯುವುದು ಒಂಬತ್ತು ಚಿಲ್ಲರೆ ವೋಲ್ಟು. ಕಾಲುಭಾಗ ಕಡಿಮೆಯಾಯಿತು, ಬೆಳಕೂ ಕಾಲುಭಾಗ ಇಳಿದೀತು ಎಂದು ತೋರಬಹುದು. ಹಾಗಲ್ಲ. ಕಾದ ತಂತುವಿನ ಬಲ್ಬಿನಲ್ಲಿ ವೋಲ್ಟು ತುಸು ಇಳಿದರೂ ಬೆಳಕು ಬಹಳ ಇಳಿಯುವುದು. ಕಾಲುಭಾಗ ವೋಲ್ಟು ಕಡಿಮೆಯಾದರೆ ಅರ್ಧಕ್ಕಿಂತ ಹೆಚ್ಚು ಬೆಳಕು ಹೋದಂತೆ. ಸಣ್ಣ ತಂತಿಯನ್ನು ಎಳೆದರೂ ಇದೇ ಗತಿ. ಹನ್ನೆರಡು ಮೀಟರು ಉದ್ದಕ್ಕೆ ಒಂದು ಚದರ ಮಿಲಿಮೀಟರು ದಪ್ಪದ ತಾಮ್ರದ ತಂತಿಯನ್ನು ಹೋಗುವುದಕ್ಕೂ ಬರುವುದಕ್ಕೂ ಹಾಕಿದರೆ, ಯಾವ ಕಿಲುಬೂ ಇಲ್ಲದೆಯೇ ಬೆಳಕಿನ ಮೂರರಲ್ಲೊಂದು ಪಾಲು ತಂತಿಯಲ್ಲೇ ಕಳೆದುಹೋಗುವುದು. ದೊಡ್ಡ ಲಾರಿಗಳಲ್ಲಿ 24 ವೋಲ್ಟಿನ ಏರ್ಪಾಡು ಇರುವುದರ ಪ್ರಯೋಜನಗಳಲ್ಲಿ ಇದೂ ಒಂದು: ಅದೇ 21 ವಾಟಿಗೆ ಅರ್ಧದಷ್ಟೇ ಪ್ರವಾಹ ಸಾಕಾಗುವುದರಿಂದ ದಾರಿಯ ನಷ್ಟ ಅಷ್ಟು ನೋಯಿಸುವುದಿಲ್ಲ.

ಇನ್ನು ಈ ವಿಷಯದಲ್ಲಿ ನಮಗೆ ಎಲ್ಲಕ್ಕಿಂತ ವಿಚಿತ್ರವೆನಿಸಿದ, ಎಲ್ಲಕ್ಕಿಂತ ಅಪಾಯಕರವಾದ ಒಂದು ಲಕ್ಷಣವನ್ನು ಹೇಳಬೇಕು. ಒಂದು ಮಧ್ಯಾಹ್ನ ನಮ್ಮ ಬೀದಿಯಲ್ಲಿ ಇಟ್ಟಿಗೆಯ ಟ್ರಾಕ್ಟರೊಂದು ನಿಂತಿತ್ತು. ಚಾಲಕನು ಬ್ರೇಕು ತುಳಿದು ‘ಉರಿಯಿತೇ?’ ಎಂದು ಕೇಳಿದ. ಹಿಂದೆ ನಿಂತ ಹುಡುಗ ದೀಪದ ಗಾಜಿಗೆ ಕೈ ಮರೆಮಾಡಿ ನೋಡಿ ‘ಚಾಲು ಛೇ!’ ಎಂದು ಕೂಗಿದ. ಉರಿಯುತ್ತಿದೆ ಎಂದರ್ಥ. ಅವನು ಸುಳ್ಳು ಹೇಳಲಿಲ್ಲ. ಗಾಜಿನೊಳಗೆ ಕೆಂಪಗೆ ಏನೋ ಹೊಳೆಯುತ್ತಲೇ ಇತ್ತು. ಆದರೆ ಅದೇ ಟ್ರೇಲರು ಸಂಜೆ ದೀಪ ಹಾಕಿಕೊಂಡು ಹೋಗುವಾಗ ನೋಡಿದರೆ, ಬ್ರೇಕು ತುಳಿದಾಗ ಹಿಂಬದಿ ಪೂರ್ತಿ ಕತ್ತಲೆ. ಹಗಲು ಬೆಳಗಿ ಇರುಳು ಆರುವ ದೀಪ!

ಇದರಲ್ಲಿ ಮಾಯೆಯೇನೂ ಇಲ್ಲ. ಟ್ರೇಲರಿನ ಹಿಂದೀಪದಲ್ಲಿ ಒಂದೇ ಬಲ್ಬಿನೊಳಗೆ ಎರಡು ತಂತುಗಳಿರುವುದುಂಟು: ಸಾಮಾನ್ಯ ಹಿಂಬೆಳಕಿಗೆ 5 ವಾಟಿನದು, ಬ್ರೇಕಿಗೆ 21 ವಾಟಿನದು. ಎರಡಕ್ಕೂ ಹೋಗುವ ದಾರಿ ಬೇರೆ. ಮರುದಾರಿ ಮಾತ್ರ ಒಂದೇ, ಬಲ್ಬಿನ ಹಿತ್ತಾಳೆಯ ಮೈ. ಆ ಮರುದಾರಿ ಎಲ್ಲಿಯೋ ಕಡಿದಿದೆಯೆನ್ನಿ. ಹಗಲಿನಲ್ಲಿ ಬ್ರೇಕು ತುಳಿದಾಗ ಪ್ರವಾಹವು 21 ವಾಟಿನ ತಂತುವನ್ನು ದಾಟಿ ಹಿತ್ತಾಳೆಯ ಮೈಗೆ ಬರುತ್ತದೆ, ಮುಂದೆ ದಾರಿಯಿಲ್ಲ. ಆದರೆ ಪಕ್ಕದಲ್ಲೇ 5 ವಾಟಿನ ತಂತುವಿದೆಯಲ್ಲ! ಅದರೊಳಗೆ ಹಿಮ್ಮುಖವಾಗಿ ನುಗ್ಗಿ, ಹಿಂಬೆಳಕಿನ ತಂತಿಯನ್ನು ಹಿಡಿದು ಟ್ರಾಕ್ಟರಿಗೆ ಮರಳಿ, ಅಲ್ಲಿ ಆರಿರುವ ಪುಟ್ಟ ದೀಪಗಳ ತಂತುಗಳ ಮೂಲಕ ಟ್ರಾಕ್ಟರಿನ ಚಾಸಿಯನ್ನು ಸೇರಿಬಿಡುತ್ತದೆ. ಕಡಿದ ಸೇತುವೆಯ ಬಳಿ ನಿಂತ ಬಂಡಿಯವನು ಪಕ್ಕದ ಹೊಲದ ಬದುವಿನ ಮೇಲೆ ಬಂಡಿ ಹೊಡೆದಂತೆ. ಈಗ ಎರಡು ತಂತುಗಳೂ ಒಂದರ ಹಿಂದೊಂದು ಸಾಲುಗೂಡಿವೆ: 7 ಓಮಿನದೊಂದು, 29 ಓಮಿನದೊಂದು. 12 ವೋಲ್ಟಿನ ಬಹುಪಾಲನ್ನು ಹೆಚ್ಚು ರೋಧದ್ದೇ ತೆಗೆದುಕೊಳ್ಳುವುದರಿಂದ, ಬ್ರೇಕಿನ ತಂತುವಿಗೆ ಎರಡು ಚಿಲ್ಲರೆ ವೋಲ್ಟೂ ಸರಿಯಾಗಿ ದೊರೆಯದೆ ಅದು ಕೆಂಪಾಗುವುದೇ ಇಲ್ಲ. ಮಂದವಾಗಿ ಹೊಳೆಯುವುದು 5 ವಾಟಿನ ತಂತು. ಹುಡುಗನು ಕಂಡದ್ದು ಅದನ್ನು.

ರಾತ್ರಿಯಾಯಿತು, ಚಾಲಕನು ದೀಪದ ಸ್ವಿಚ್ಚು ಹಾಕಿದ. ಈಗ ಹಿಂಬೆಳಕಿನ ತಂತಿಯಲ್ಲೂ 12 ವೋಲ್ಟು, ಬ್ರೇಕು ತುಳಿದಾಗ ಆ ತಂತಿಯಲ್ಲೂ 12 ವೋಲ್ಟು. ಎರಡು ಕೆರೆಗಳ ನೀರು ಒಂದೇ ಮಟ್ಟದಲ್ಲಿದ್ದರೆ ನಡುವಣ ಕಾಲುವೆಯಲ್ಲಿ ನೀರು ಹರಿಯುವುದೆಲ್ಲಿಂದ? ಬದುವಿನ ದಾರಿಯೂ ಮುಚ್ಚಿತು. ತಿರುವಿನ ಹಳದಿ ದೀಪಗಳನ್ನು ಜೋಡಿಸದ ಟ್ರೇಲರಾದರೆ ಹಿಂಬದಿ ಪೂರ್ತಿ ಕತ್ತಲಾಗುವುದು. ಅವು ಇದ್ದರೆ ಪ್ರವಾಹವು ಅವುಗಳ ಮೂಲಕ ಇನ್ನೊಂದು ಕಳ್ಳದಾರಿ ಹುಡುಕುವುದರಿಂದ ಹಿಂಬೆಳಕು ಮಂಕಾಗಿ ಉಳಿಯುವುದು. ಆಗ ಬ್ರೇಕು ತುಳಿದರೆ ಬೆಳಕು ಹೆಚ್ಚುವ ಬದಲು ಇನ್ನಷ್ಟು ಕುಗ್ಗುವುದು, ತಿರುವಿನ ದೀಪ ಹಾಕಿದರೆ ಕೆಂಪು ದೀಪವೂ ಅದರೊಡನೆ ತಾಳ ಹಾಕುವುದು. ಒಂದು ದೀಪಕ್ಕೆ ಆಜ್ಞೆ ಕೊಟ್ಟರೆ ಇನ್ನೊಂದು ದೀಪ ಉತ್ತರಿಸುವಂಥ ಈ ಗೊಂದಲವನ್ನು ಕಂಡಾಗ ಬಲ್ಬನ್ನು ಬದಲಿಸುವುದರಿಂದ ಪ್ರಯೋಜನವಿಲ್ಲ. ಮೊದಲು ಮರುದಾರಿಯನ್ನೇ ಸಂದೇಹಿಸಬೇಕು. ಎರಡು ತಂತುಗಳ ಹೋಲ್ಡರಿಗೆ ಯಾರೋ ಒಂದೇ ತಂತುವಿನ ಬಲ್ಬನ್ನು ಬಲವಂತದಿಂದ ತುರುಕಿದ್ದರೂ ಇಂಥದೇ ಗೊಂದಲ ಬರಬಹುದೆಂಬುದನ್ನು ಮಾತ್ರ ನೆನಪಿಡಬೇಕು. ಹಾಗೆ ಆಗದಿರಲೆಂದೇ ಎರಡು ತಂತುಗಳ ಬಲ್ಬಿನ ಪಕ್ಕದ ಮೊಳೆಗಳನ್ನು ಒಂದು ಮೇಲೆ ಒಂದು ಕೆಳಗೆ ಇಟ್ಟಿರುತ್ತಾರೆ. ಆದರೆ ಇಕ್ಕಳವನ್ನು ಕೈಯಲ್ಲಿ ಹಿಡಿದವನ ಉತ್ಸಾಹಕ್ಕೆ ಮೊಳೆಯ ತಡೆ ಯಾವ ಲೆಕ್ಕ!

ಹಾಗಾದರೆ ಹುಡುಕುವ ಕ್ರಮವೇನು? ಬ್ಯಾಟರಿಯಿಂದ ಬಲ್ಬಿನವರೆಗೆ, ಬಲ್ಬಿನಿಂದ ಬ್ಯಾಟರಿಯವರೆಗೆ ಹದಿನಾರು ಸಂದುಗಳಿವೆಯೆಂದು ಇಟ್ಟುಕೊಳ್ಳಿ. ಮೊದಲನೆಯದರಿಂದ ಆರಂಭಿಸಿ ಒಂದೊಂದನ್ನೇ ಬಿಚ್ಚಿ ನೋಡುವವನು ಹದಿನಾರು ಸಲ ಬಿಚ್ಚಬೇಕಾದೀತು. ಮಧ್ಯದಲ್ಲಿ ಪರೀಕ್ಷಿಸುವವನು ಮೊದಲನೆಯ ಸಲಕ್ಕೆ ಎಂಟನ್ನು, ಎರಡನೆಯ ಸಲಕ್ಕೆ ನಾಲ್ಕನ್ನು, ಹೀಗೆ ನಾಲ್ಕೇ ಪರೀಕ್ಷೆಗಳಲ್ಲಿ ದೋಷದ ಸಂದನ್ನು ಹಿಡಿಯುವನು. ಟ್ರೇಲರಿನಲ್ಲಿ ಆ ಮಧ್ಯಸ್ಥಳ ತಾನಾಗಿಯೇ ಒದಗಿದೆ, ಅದೇ ಪ್ಲಗ್ಗು. ಅದನ್ನು ಕಳಚಿದರೆ ವಿಚಾರವು ಸರಿಯಾಗಿ ಇಬ್ಭಾಗವಾಗುವುದು.

ಪ್ಲಗ್ಗನ್ನು ಕಳಚುವ ಮುನ್ನ ಟ್ರಾಕ್ಟರಿನ ಸ್ವಂತ ಬ್ರೇಕ್ ದೀಪ ಹೊತ್ತುವುದೇ ಎಂದು ನೋಡಬೇಕು. ಅದೂ ಹೊತ್ತದಿದ್ದರೆ ಟ್ರೇಲರನ್ನು ಮುಟ್ಟುವುದೇ ಬೇಡ. ಫ್ಯೂಸು, ಇಲ್ಲವೆ ಪೆಡಲಿನ ಸ್ವಿಚ್ಚು ಕೆಟ್ಟಿದೆ. (ಟ್ರಾಕ್ಟರಿಗೆ ಎಡಬಲದ ಚಕ್ರಗಳಿಗೆ ಬೇರೆಬೇರೆಯಾಗಿ ಎರಡು ಬ್ರೇಕ್ ಪೆಡಲುಗಳಿರುತ್ತವೆ, ಹೊಲದಲ್ಲಿ ಚಿಕ್ಕ ಜಾಗದಲ್ಲಿ ತಿರುಗಲು. ರಸ್ತೆಗೆ ಬಂದಾಗ ಎರಡನ್ನೂ ಚಿಲಕ ಹಾಕಿ ಒಂದುಮಾಡಬೇಕು, ಪರೀಕ್ಷಿಸುವಾಗಲೂ ಹಾಗೆಯೇ.) ಟ್ರಾಕ್ಟರಿನ ದೀಪ ಹೊತ್ತಿದರೆ ಪ್ಲಗ್ಗನ್ನು ಕಳಚಿ, ಒಂದು 21 ವಾಟಿನ ಬಲ್ಬಿಗೆ ಎರಡು ತುಂಡು ತಂತಿಗಳನ್ನು ಬೆಸೆದು, ಒಂದನ್ನು ಟ್ರಾಕ್ಟರಿನ ಕಡೆಯ ಸಾಕೆಟ್ಟಿನ ಬ್ರೇಕ್ ಗುರುತಿಗೂ ಇನ್ನೊಂದನ್ನು ಮರುದಾರಿಯ ಗುರುತಿಗೂ ಹಿಡಿದು, ಒಬ್ಬರಿಂದ ಬ್ರೇಕು ತುಳಿಸಬೇಕು. ಬಲ್ಬು ಧಗ್ಗನೆ ಹೊತ್ತಿತೋ, ಟ್ರಾಕ್ಟರು ನಿರ್ದೋಷಿ. ಮಂಕಾಗಿ ಹೊತ್ತಿದರೆ ಎರಡನೆಯ ತುದಿಯನ್ನು ಸಾಕೆಟ್ಟಿನಿಂದ ತೆಗೆದು ಉಜ್ಜಿ ಹೊಳಪಾದ ಚಾಸಿಗೆ ಮುಟ್ಟಿಸಿ ನೋಡಿ. ಈಗ ಪ್ರಖರವಾದರೆ ದೋಷ ಸಾಕೆಟ್ಟಿನ ಮರುದಾರಿಯಲ್ಲಿದೆ. ಟ್ರೇಲರಿನ ಕಡೆಗೂ ಇದೇ ಉಪಾಯ: ಬೇರೊಂದು ಬ್ಯಾಟರಿಯಿಂದ ಫ್ಯೂಸಿನ ಮೂಲಕ ಪ್ಲಗ್ಗಿನ ಆ ಎರಡು ಸೂಜಿಗಳಿಗೆ ವಿದ್ಯುತ್ತು ಕೊಟ್ಟು ಹಿಂದೀಪಗಳನ್ನು ನೋಡುವುದು. ಒಂದೇ ದೀಪ ಕೆಟ್ಟಿದ್ದರೆ ಅದರ ಬಲ್ಬು, ಹೋಲ್ಡರು, ಅದರ ಸ್ವಂತ ತಂತಿ. ಎರಡೂ ಕೆಟ್ಟಿದ್ದರೆ ಎರಡಕ್ಕೂ ಸಮಾನವಾದ ದಾರಿ. ಎರಡು ಬಲ್ಬುಗಳು ಒಂದೇ ದಿನ ಸುಟ್ಟುಹೋಗುವುದು ಅಪರೂಪ.

ಇಲ್ಲಿ ವಿದ್ಯಾರ್ಥಿಗಳಲ್ಲಿ ಕೆಲವರು, ಬಲ್ಬೇಕೆ, ಮೀಟರಿನಿಂದ ಅಳೆಯಬಾರದೆ ಎಂದು ಕೇಳಬಹುದು. ಅಳೆಯಬಹುದು, ಆದರೆ ಮೀಟರನ್ನು ಸರಿಯಾದ ಪ್ರಶ್ನೆ ಕೇಳಬೇಕು. ಈಗಿನ ಡಿಜಿಟಲ್ ಮೀಟರಿನ ಒಳರೋಧ ಸಾಮಾನ್ಯವಾಗಿ ಒಂದು ಕೋಟಿ ಓಮ್. ಅದು ಎಳೆಯುವ ಪ್ರವಾಹ ಇಲ್ಲವೆನ್ನುವಷ್ಟು ಅಲ್ಪ. ಕಿಲುಬು ಹಿಡಿದ ಸೂಜಿಯಾಗಲಿ, ನೂರು ಎಳೆಗಳಲ್ಲಿ ಒಂದೇ ಎಳೆ ಉಳಿದ ತಂತಿಯಾಗಲಿ, ಅಷ್ಟು ಅಲ್ಪ ಪ್ರವಾಹವನ್ನು ಸುಲಭವಾಗಿ ಬಿಡುವುದರಿಂದ ಮೀಟರು ‘12 ವೋಲ್ಟು ಇದೆ’ ಎಂದೇ ಹೇಳುವುದು. ದೀಪವಿಲ್ಲದ ತಂತಿಯನ್ನು ಅಳೆದು ‘ಕರೆಂಟು ಬರುತ್ತಿದೆ, ಬಲ್ಬೇ ಸರಿಯಿಲ್ಲ’ ಎಂದು ತೀರ್ಪು ಕೊಡುವವರನ್ನು ಎಷ್ಟೋ ಕಡೆ ನೋಡಿದ್ದೇವೆ. ಬಲ್ಬು ಉರಿಯುವ ಸ್ಥಿತಿಯಲ್ಲಿರುವಾಗ, ಬ್ರೇಕನ್ನು ತುಳಿದು ಹಿಡಿದು, ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಟ್ರೇಲರಿನ ಬಲ್ಬಿನ ಹಿತ್ತಾಳೆಯ ಮೈಗೂ ಇಟ್ಟು ನೋಡಬೇಕು. ಮರುದಾರಿ ಚೊಕ್ಕವಾಗಿದ್ದರೆ ಅರ್ಧ ವೋಲ್ಟಿಗಿಂತ ಕಡಿಮೆ ಕಾಣುವುದು. ಎರಡು, ಮೂರು, ಆರು ವೋಲ್ಟು ಕಂಡರೆ ಅಷ್ಟೂ ದಾರಿಯಲ್ಲಿ ಕಳವಾಗುತ್ತಿದೆಯೆಂದು ತಿಳಿಯಬೇಕು. ಆಮೇಲೆ ಎರಡನೆಯ ಮೊನೆಯನ್ನು ದೀಪದಿಂದ ಟ್ರೇಲರಿನ ಚಾಸಿಗೆ, ಚಾಸಿಯಿಂದ ಪ್ಲಗ್ಗಿಗೆ, ಪ್ಲಗ್ಗಿನಿಂದ ಟ್ರಾಕ್ಟರಿಗೆ ಹೆಜ್ಜೆಹೆಜ್ಜೆಯಾಗಿ ಸರಿಸುತ್ತ ಬಂದರೆ, ಎಲ್ಲಿ ಅಂಕೆ ಥಟ್ಟನೆ ಇಳಿಯುವುದೋ ಕಳ್ಳ ಅಲ್ಲಿ.

ಪ್ಲಗ್ಗಿನ ಕೇಬಲ್ಲಿನ ವಿಚಾರವಾಗಿ ಒಂದು ಮಾತು. ತಿರುವುಗಳಲ್ಲಿ ಅದು ದಿನಕ್ಕೆ ನೂರಾರು ಸಲ ಬಾಗಿ ಏಳುವುದರಿಂದ ಮೇಲಿನ ಹೊದಿಕೆ ನೆಟ್ಟಗಿದ್ದರೂ ಒಳಗಿನ ತಾಮ್ರ ಮುರಿದಿರಬಹುದು. ಬ್ರೇಕು ತುಳಿಸಿ ಹಿಡಿದು ಕೇಬಲ್ಲನ್ನು ಅಂಗೈಯಗಲದಷ್ಟೇ ಭಾಗ ಹಿಡಿದು ಮೆಲ್ಲಗೆ ಬಗ್ಗಿಸುತ್ತ ಹೋದರೆ ದೀಪ ಮಿಣುಕುವ ಜಾಗದಲ್ಲಿ ಮುರಿವು ಸಿಗುವುದು. ತೀರ ನೀಳವಾಗಿ ಬಿಟ್ಟರೆ ನೆಲಕ್ಕೆ ತಾಗಿ ಸವೆಯುವುದು, ತೀರ ಗಿಡ್ಡವಾದರೆ ತಿರುವಿನಲ್ಲಿ ಕಿತ್ತುಬರುವುದು. ಇನ್ನು ತಂತಿಯ ಹೊದಿಕೆ ಚಾಸಿಯ ಅಂಚಿಗೆ ಉಜ್ಜಿ ತಾಮ್ರವು ಕಬ್ಬಿಣವನ್ನು ಮುಟ್ಟಿದರೆ, ಬ್ರೇಕು ತುಳಿದೊಡನೆ ಫ್ಯೂಸು ಕರಗುವುದು. ಫ್ಯೂಸು ಮತ್ತೆ ಮತ್ತೆ ಕರಗಿದಾಗ ದೊಡ್ಡ ಫ್ಯೂಸು ಹಾಕುವುದು, ಸಿಗರೇಟಿನ ಬೆಳ್ಳಿಕಾಗದ ಸುತ್ತುವುದು ನಮ್ಮ ದೇಶದ ಎಲ್ಲ ಕಡೆಯೂ ಕಾಣುವ ಪಾಪ. ಆಗ ಕರಗುವುದು ಫ್ಯೂಸಲ್ಲ, ತಂತಿಯ ಕಟ್ಟೇ; ಕಬ್ಬಿನ ಸೋಗೆ ತುಂಬಿದ ಟ್ರೇಲರಿನ ಕೆಳಗೆ ಅದರ ಪರಿಣಾಮವನ್ನು ಊಹಿಸಿಕೊಳ್ಳಬಹುದು.

ತಂತಿಯ ಬಣ್ಣವನ್ನು ಮಾತ್ರ ನಂಬಿ ಜೋಡಿಸಬಾರದು. ಮೇಲೆ ಹೇಳಿದ ಕೆಂಪು, ಬಿಳಿಗಳು ಪುಸ್ತಕದ ಬಣ್ಣಗಳು. ದುರಸ್ತಿ ಮಾಡಿದವನ ಬಳಿ ಆ ದಿನ ಯಾವ ಸುರುಳಿಯಿತ್ತೋ ಆ ಬಣ್ಣವೇ ಎಷ್ಟೋ ಟ್ರೇಲರುಗಳಲ್ಲಿರುವುದು. 12 ವೋಲ್ಟಿನ ಮತ್ತು 24 ವೋಲ್ಟಿನ ಏಳು ಸೂಜಿಗಳ ಪ್ಲಗ್ಗುಗಳಲ್ಲಿ ಸೂಜಿಗಳ ಅನುಕ್ರಮವೂ ಒಂದೇ ಅಲ್ಲ. ಅಮೆರಿಕದ ಸಣ್ಣ ಟ್ರೇಲರುಗಳಲ್ಲಂತೂ ಬ್ರೇಕಿಗೂ ತಿರುವಿಗೂ ಒಂದೇ ತಂತಿ, ಒಂದೇ ತಂತು. ಅಲ್ಲಿಯ ನಕ್ಷೆಯನ್ನು ಮುಂದಿಟ್ಟುಕೊಂಡು ಇಲ್ಲಿಯ ಟ್ರೇಲರನ್ನು ರಿಪೇರಿ ಮಾಡಹೊರಟವನು ಹೊಸ ದೋಷಗಳನ್ನೇ ಸೃಷ್ಟಿಸುವನು.

ದೋಷ ಸಿಕ್ಕ ಮೇಲೆ ಮಾಡಬೇಕಾದ ಕೆಲಸ ಅಲ್ಪ. ಟ್ರಾಕ್ಟರಿನ ಚಾಸಿಯಿಂದ ಪ್ಲಗ್ಗಿನ ಮೂಲಕ ಹಿಂದೀಪದ ಹೋಲ್ಡರಿನವರೆಗೆ ಮರುದಾರಿಗೆಂದೇ ಒಂದು ತಂತಿ, ಅದೂ ಉಳಿದವುಗಳಿಗಿಂತ ದಪ್ಪನೆಯದು; ಏಕೆಂದರೆ ಎಲ್ಲ ದೀಪಗಳ ಪ್ರವಾಹವೂ ಮರಳುವುದು ಅದೊಂದರಲ್ಲೇ. ಚಾಸಿಗೆ ಬಿಗಿಯುವ ಜಾಗದಲ್ಲಿ ಉಪ್ಪುಕಾಗದದಿಂದ ಬಣ್ಣವನ್ನೂ ತುಕ್ಕನ್ನೂ ತೆಗೆದು, ನಟ್ಟು ಬಿಗಿದ ಮೇಲೆ ಗ್ರೀಸು ಬಳಿಯಬೇಕು; ಮೊದಲೇ ಬಣ್ಣ ಹಚ್ಚಬಾರದು. ಪ್ಲಗ್ಗಿನ ಸೂಜಿಗಳನ್ನು ಉಜ್ಜಿ ತೆಳುವಾಗಿ ವ್ಯಾಸಲೀನ್ ಸವರಿದರೆ ಉಪ್ಪಿನ ತೇವ ಹತ್ತಿರ ಬಾರದು. ಟ್ರೇಲರನ್ನು ಕಳಚಿ ನಿಲ್ಲಿಸುವಾಗ ಪ್ಲಗ್ಗನ್ನು ನೆಲಕ್ಕೆ ಬಿಡದೆ, ಬಾಯಿ ಕೆಳಗೆ ಮಾಡಿ ತೂಗುಹಾಕಬೇಕು.

ಈಚಿನ ಹೊಸ ಟ್ರೇಲರುಗಳಿಗೆ ತಂತುವಿನ ಬಲ್ಬುಗಳ ಬದಲು ಎಲ್‌ಇಡಿ ದೀಪಗಳು ಬಂದಿವೆ. ಅವು ತಂತು ಕಾಯುವುದನ್ನು ಕಾಯದೆ ಸುಮಾರು ಒಂದು ಸೆಕೆಂಡಿನ ಐದನೆಯ ಒಂದು ಪಾಲು ಮೊದಲೇ ಹೊತ್ತುವುದರಿಂದ, ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಹಿಂದೆ ಬರುವವನಿಗೆ ಐದಾರು ಮೀಟರುಗಳ ಲಾಭ. ಬಹಳ ಅಲ್ಪ ಪ್ರವಾಹಕ್ಕೇ ಬೆಳಗುವುದರಿಂದ, ಕಿಲುಬು ಹಿಡಿದ ಪ್ಲಗ್ಗಿನಲ್ಲಿ ಒಂದು ಸೂಜಿಯಿಂದ ಇನ್ನೊಂದಕ್ಕೆ ಸೋರುವ ವಿದ್ಯುತ್ತಿಗೂ ಅವು ಬ್ರೇಕು ತುಳಿಯದೆಯೇ ಮಂದವಾಗಿ ಹೊಳೆಯಬಹುದು. ಹಾಗೆ ಕಂಡರೆ ಪ್ಲಗ್ಗನ್ನು ಒಣಗಿಸಿ ಉಜ್ಜಬೇಕು. ದೀಪ ಯಾವ ಬಗೆಯದಾದರೂ ದುರಸ್ತಿಯಾದ ನಂತರದ ಪರೀಕ್ಷೆ ಒಂದೇ: ಕತ್ತಲಾಗುವವರೆಗೆ ಕಾದು, ಟ್ರಾಕ್ಟರಿನ ಎಲ್ಲ ದೀಪಗಳನ್ನೂ ಹಾಕಿ, ಎಡತಿರುವಿನ ಮಿಣುಕನ್ನೂ ಹಾಕಿ, ಒಬ್ಬನನ್ನು ಇಪ್ಪತ್ತೈದು ಹೆಜ್ಜೆ ಹಿಂದೆ ನಿಲ್ಲಿಸಿ, ಆಮೇಲೆ ಬ್ರೇಕು ತುಳಿಯುವುದು. ಗಾಜಿಗೆ ಕೈ ಮರೆಮಾಡದೆ ಅವನಿಗೆ ಅಷ್ಟು ದೂರದಿಂದ ಎರಡು ಕೆಂಪು ದೀಪಗಳೂ ಥಟ್ಟನೆ ಹೆಚ್ಚಿದ್ದು ಕಾಣಬೇಕು, ಹಳದಿ ದೀಪ ತನ್ನಷ್ಟಕ್ಕೆ ತಾನು ಮಿಣುಕುತ್ತಿರಬೇಕು.